ಖಾಲಿ ಯಂತ್ರದ ಹಾಡು

ಹಳ್ಳಿಯಿಂದ ಸ್ಟಾಕ್‌ಹೋಮಿಗೆ ಬಂದ ಹಾಡುಗಾರ್ತಿ ತೂವಾ ನಮ್ಮ ಕಟ್ಟಡದಲ್ಲೇ ಬಾಡಿಗೆಗಿದ್ದಳು. ಶುಕ್ರವಾರ ಅವಳಿಗೆ ಒಪೆರಾ ಮೇಳದ ಆಯ್ಕೆ ಪರೀಕ್ಷೆ. ಮನೆಯಲ್ಲಿ ಹಾಡಿದರೆ ನೆರೆಯವರು ಗೋಡೆ ಗುದ್ದುತ್ತಿದ್ದರು. ಹಾಗಾಗಿ ನೆಲಮಾಳಿಗೆಯಲ್ಲಿ ಎಲ್ಲರೂ ಸರದಿಯಂತೆ ಬಟ್ಟೆ ಒಗೆಯುವ ಕೋಣೆಯ ಪಟ್ಟಿಯಲ್ಲಿ ದಿನಾ ತನ್ನ ಹೆಸರು ಬರೆದು, ಖಾಲಿ ಯಂತ್ರ ತಿರುಗಿಸಿ, ಅದರ ಸದ್ದಿನ ಮರೆಯಲ್ಲಿ ಹಾಡುತ್ತಿದ್ದಳು.

ನಾವು ಯಾರನ್ನೂ ಎದುರಿಗೆ ಬೈಯುವವರಲ್ಲ, ಚೀಟಿ ಅಂಟಿಸುವವರು. ಬುಧವಾರ ಆ ಕೋಣೆಯ ಬಾಗಿಲಲ್ಲಿ ಚೀಟಿ ಕಂಡಿತು: “ದಿನಾ ಒಗೆಯೋಕೆ ನೀನೇನು ಆಸ್ಪತ್ರೆ ನಡೆಸ್ತೀಯಾ?”

“ಇನ್ನೆಲ್ಲಿ ಹಾಡ್ಲಿ, ಹಿಲ್ಡೂರ್?” ಎಂದು ಅವಳು ನನ್ನ ಮುಂದೆ ಅತ್ತಳು.

ಆ ಚೀಟಿಯ ಕೆಳಗೆ ನಾನೂ ಒಂದು ಚೀಟಿ ಅಂಟಿಸಿದೆ: “ಬಟ್ಟೆ ಬುಟ್ಟಿ ಇಟ್ಟು ಹೋಗಿ. ತೂವಾ ಹಾಡ್ತಾ ನಿಮ್ಮದನ್ನೂ ಒಗೀತಾಳೆ.”

ಮರುದಿನ ಹನ್ನೊಂದು ಬುಟ್ಟಿಗಳು ಕಾದಿದ್ದವು.

ಶುಕ್ರವಾರ ತೂವಾ ಆಯ್ಕೆಯಾದಳು. ಸಂಜೆ ಬಾಗಿಲಲ್ಲಿ ಹೊಸ ಚೀಟಿ: “ಅಭಿನಂದನೆ ಕಣಮ್ಮ. ಅಂದ ಹಾಗೆ, ನನ್ನ ಒಂದು ಕಾಲುಚೀಲ ಎಲ್ಲಿ?”