ಹೊಡ್ಕೊಂಡ್ ಬಂದೆ

ಕುರಿ ಕಾಯುವ ಪಾಲಣ್ಣನ ಹೇಳಿಕೆಯನ್ನು ಕೋರ್ಟಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟವಳು ನಾನು. ಮೈಸೂರಿನಿಂದ ಮಧುಗಿರಿಯ ಶಾಲೆಗೆ ಟೀಚರಾಗಿ ಬಂದು ಆಗಿನ್ನೂ ಎರಡು ತಿಂಗಳು. "ಮಾರಣ್ಣನ ಮೂರು ಕುರೀನೂ ಹೊಡ್ಕೊಂಡ್ ಬಂದ್ಬುಟ್ಟೆ ತಾಯಿ" ಎಂದಿದ್ದ. ನಮ್ಮ ಮನೆಯ ಮಾತಿನಲ್ಲಿ ಹೊಡೆದುಕೊಂಡು ಬರುವುದೆಂದರೆ ಲಪಟಾಯಿಸುವುದು. ‘ಕದ್ದೆ’ ಎಂದು ಬರೆದೆ. ಅವನು ನಂಬಿ ಹೆಬ್ಬೆಟ್ಟು ಒತ್ತಿದ. ಮೂರು ತಿಂಗಳ ಸಜೆಯಾಯಿತು.

ಹೇಳಿಕೆ ಕೊಟ್ಟ ದಿನ ನಾನೂ ಅಲ್ಲಿದ್ದೆನೆಂದು ಯಾರಿಂದಲೋ ತಿಳಿದು, ನಿನ್ನೆ ಅವನ ಹೆಂಡತಿ ಜುಂಜಮ್ಮ ಶಾಲೆಗೆ ಬಂದು, ಗಂಡ ಏನು ಹೇಳಿದ್ದನೆಂದು ಕೇಳಿದಳು. ಅವನ ಮಾತನ್ನು ಹಾಗೆಯೇ ಹೇಳಿದೆ.

ಅವಳು ನಕ್ಕುಬಿಟ್ಟಳು. "ಅಷ್ಟೇಯಾ? ನಮ್ಮ ಮಂದೇಲಿ ಬೆರೆತಿದ್ವು, ತೋಳಕ್ಕೆ ಬುಟ್ ಬರಕಾಯ್ತದಾ? ಮನೆ ತಂಕ ಅಟ್ಕೊಂಡ್ ಬಂದವ್ನೆ. ಕುರಿ ಹೊಡ್ಕೊಂಡ್ ಬರೋದೇ ಕಳ್ತನ ಅನ್ನಂಗಿದ್ರೆ ನಮ್ಮಟ್ಟಿಯೆಲ್ಲ ಜೈಲಲ್ಲಿರ್ಬೇಕಿತ್ತು ಕಣಮ್ಮ!"

ನಗು ನಿಲ್ಲಿಸಿ ಅವಳೇ ಕೇಳಿದಳು:

"ಮತ್ತೆ ಕೋರ್ಟ್ ಕಾಗ್ದದಲ್ಲಿ ಕದ್ದೆ ಅಂತ ಬರೆದ ಪುಣ್ಯಾತ್ಮ ಯಾರು?"

ನಾನೇ ಎಂದು ಸಾಕ್ಷಿ ಹೇಳಿದರೆ ಪಾಲಣ್ಣ ಬಿಡುಗಡೆಯಾಗುತ್ತಿದ್ದ. ನನ್ನ ಕೆಲಸ ಹೋಗುತ್ತಿತ್ತು.

"ಗೊತ್ತಿಲ್ಲ" ಎಂದೆ.

"ಹಂಗಾರೆ ನೀವೇ ಒಂದು ಅರ್ಜಿ ಬರ್ಕೊಡಿ. ಓದಿದೋರು, ನಿಮ್ಮ ಕೈಲಿ ತಪ್ಪಾಗಲ್ಲ."

ಬರೆದುಕೊಟ್ಟೆ. ಭಾಷಾಂತರದಲ್ಲಿ ತಪ್ಪಾಗಿದೆ ಎಂದು ಸ್ಪಷ್ಟವಾಗಿಯೇ ಬರೆದೆ. ಯಾರಿಂದ ಎಂಬುದನ್ನು ಮಾತ್ರ ಬರೆಯಲಿಲ್ಲ.