ಅಣ್ಣನ ಕೋಟು

"ನಗಬೇಡ. ಓನೋಫ್ರಿಯೋ ಹಾಗೆ ಹಲ್ಲು ಬಿಡ್ತಿರಲಿಲ್ಲ," ಎಂದಳು ತಾಯಿ ದೊನ್ನಾ ಫೆಬ್ರೋನಿಯಾ.

ಅಂಗಳದ ಕಪ್ಪು ಗೋಡೆಗೆ ಒರಗಿ ನಿಂತಿದ್ದ ಬಾರ್ತೊಲೋ ತುಟಿ ಬಿಗಿದ. ಮೈಮೇಲೆ ಅಣ್ಣನ ಕೋಟು. ಅಣ್ಣನೆಂದರೂ ಅವಳಿ, ಇವನಿಗಿಂತ ತುಸು ಮುಂಚೆ ಹುಟ್ಟಿದವನು. ಚಳಿಗಾಲದಲ್ಲಿ ಮೀನಿಗೆ ಹೋದ ಓನೋಫ್ರಿಯೋ ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಅವನ ಹೆಸರಿನ ಗೋರಿಯೊಳಗೆ ಏನೂ ಇಲ್ಲ. ಪಿಂಗಾಣಿ ಬಿಲ್ಲೆಯ ಮೇಲೆ ಅಚ್ಚೊತ್ತಿದ ಫೋಟೋ ಕೂರಿಸಲೆಂದು ಕಲ್ಲಿನಲ್ಲಿ ಕೊರೆಸಿದ ಗುಳಿಯೂ ಖಾಲಿ, ಏಕೆಂದರೆ ಬದುಕಿದ್ದಾಗ ಅವನು ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲ. ಸತ್ತವರ ಹಬ್ಬದಂದು ಊರಿನವರೆಲ್ಲ ಗೋರಿಗಳ ಮೇಲಿನ ತಮ್ಮವರ ಮುಖ ಒರೆಸಿ ಮುತ್ತಿಡುವಾಗ ತಾನು ಬರೀ ಗುಳಿಗೆ ಮುತ್ತಿಡಬೇಕೇ ಎಂಬುದೇ ತಾಯಿಯ ಸಂಕಟ.

ಎದುರಿಗೆ ಕ್ಯಾಮೆರಾ ಹಿಡಿದು ನಿಂತಿದ್ದ ತೆಕ್ಲಾ ಕತಾನಿಯಾ ಪಟ್ಟಣದಿಂದ ಈ ದ್ವೀಪಕ್ಕೆ ಬಂದದ್ದು ಬೆಟ್ಟ ಉಗುಳುವ ಬೆಂಕಿಯ ಫೋಟೋ ತೆಗೆಯಲು. ಅಪ್ಪನ ಸ್ಟುಡಿಯೋ ಬಿಟ್ಟು ಒಬ್ಬಳೇ ಕ್ಯಾಮೆರಾ ಹೊತ್ತು ಹೊರಟದ್ದು ಇದೇ ಮೊದಲು. ಇಳಿದುಕೊಂಡ ಮನೆಯ ಮುದುಕಿ ಫೆಬ್ರೋನಿಯಾ ಬೆಳಿಗ್ಗೆ ಬ್ರೆಡ್ಡಿನ ಜೊತೆಗೆ ಬಾರ್ತೊಲೋನನ್ನೇ ಓನೋಫ್ರಿಯೋನಂತೆ ನಿಲ್ಲಿಸಿ ಗೋರಿಗೊಂದು ಫೋಟೋ ತೆಗೆದುಕೊಡುವ ಬೇಡಿಕೆಯನ್ನೂ ಮುಂದಿಟ್ಟಾಗ ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಬದುಕಿರುವವರ ಮುಖ ಗೋರಿಗೆ ಹಾಕಬಾರದಲ್ಲವೇ ಎಂದು ಗೊಣಗಿದಳು ಅಷ್ಟೆ. ಎರಡೂ ತನ್ನ ಹೊಟ್ಟೆಯಿಂದಲೇ ಬಂದ ಮುಖ, ಯಾವುದು ಯಾರದ್ದೆಂದು ತಾನು ಹೇಳುತ್ತೇನೆ ಎಂದಿದ್ದಳು ಮುದುಕಿ.

ಈಗ ಅವಳು ಮಗನ ಕ್ರಾಪನ್ನು ಓನೋಫ್ರಿಯೋನಂತೆ ಬಲಕ್ಕೆ ಬಾಚಿದಳು. ಹುಬ್ಬಿನ ಮೇಲಿದ್ದ ಹಳೆಯ ಗಾಯದ ಕಲೆಗೆ ಹಿಟ್ಟು ಸವರಿದಳು. ಆ ಕಲೆ ಇವನೊಬ್ಬನದ್ದು. ಹಿಂದೆ ಸರಿದು ನೋಡಿದವಳೇ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ನೋಫ್ರಿಯೋ," ಎಂದಳು, ಸತ್ತ ಮಗನನ್ನು ಮುದ್ದಿಗೆ ಕರೆಯುತ್ತಿದ್ದಂತೆ.

ತೆಕ್ಲಾ ಕ್ಯಾಮೆರಾದ ಗುಂಡಿ ಒತ್ತಿದಳು.

"ನನ್ನ ಸರದಿ ಬಂದಾಗ ನನ್ನ ಗೋರಿಗೂ ಇದೇ ಫೋಟೋ ನಡೆಯುತ್ತೆ ಬಿಡಮ್ಮ," ಎಂದ ಬಾರ್ತೊಲೋ. ಯಾರೂ ನಗಲಿಲ್ಲ. ಬೆಟ್ಟ ಗುಡುಗಿ, ಅಂಗಳಕ್ಕೆ ಸಣ್ಣಗೆ ಬೂದಿ ಉದುರಿತು. ತೆಕ್ಲಾ ಅವನತ್ತ ನೋಡಿದಳು. ಬೆಂಕಿಗೆಂದು ಉಳಿಸಿಕೊಂಡಿದ್ದ ರೀಲನ್ನು ಒಂದಿಷ್ಟು ಮುಂದಕ್ಕೆ ತಿರುಗಿಸಿದಳು.

"ಈಗ ನಿಮ್ದೊಂದು ತೆಗೀತೀನಿ. ಕೋಟು ಬಿಚ್ಚಿ, ಹಿಟ್ಟು ಒರೆಸ್ಕೊಳ್ಳಿ. ನಗು ಬಂದ್ರೆ ನಗಿ."

ಅವನು ಕೋಟಿನ ಗುಂಡಿಗೆ ಕೈಹಾಕಿದ.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ, ಮಗಾ," ಎಂದಳು ತಾಯಿ. "ಊಟ ಆಗೋವರೆಗಾದ್ರೂ."

ಬಾರ್ತೊಲೋ ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡ. ಒಳಗೆ ಹೋದವನು ತನ್ನ ಕುರ್ಚಿ ದಾಟಿ, ಅಣ್ಣನ ಕುರ್ಚಿಯಲ್ಲಿ ಕುಳಿತ.