ವಿಜೇತ್ ಕಳಿಸಿದ ಲಾಗ್

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ರಿಝ್ವಾನಾ ಬೆಳಗ್ಗಿನಿಂದ ನಾಲ್ಕು ಸಲವಾದರೂ ನೆನೆದಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಅವಳ ಲ್ಯಾಬ್ ರೆಕಾರ್ಡನ್ನು ಈ ವಿಜೇತ್ ಎಷ್ಟು ಭಕ್ತಿಯಿಂದ ನಕಲು ಮಾಡಿದ್ದನೆಂದರೆ, ಅವಳು ತಪ್ಪು ಬರೆದ ರೀಡಿಂಗ್ ಕೂಡ ಅವನ ಪುಸ್ತಕದಲ್ಲಿ ಹಾಗೆಯೇ ಇತ್ತು. ಇಬ್ಬರಿಗೂ ಸೊನ್ನೆ ಬಿದ್ದಿತ್ತು. ಅಂಥವನನ್ನು ನಂಬಿದ್ದು ಯಾರ ತಪ್ಪು?

ನಂಬದೆ ಗತಿಯಿರಲಿಲ್ಲ. ತಯಾರಿಸಿದ ಕಂಪೆನಿಯೇ ಕೈಬಿಟ್ಟ ಒಂದು ಬಗೆಯ ಇಂಟರ್ನೆಟ್ ಪೆಟ್ಟಿಗೆ, ಅವಳ ಊರು ಬೋವಿಕಾನದ ಎಷ್ಟೋ ಮನೆಗಳಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಯಾರು ಬೇಕಾದರೂ ತಿದ್ದಬಹುದಾದ ಒಂದು ಮುಕ್ತ ಆಪರೇಟಿಂಗ್ ಸಿಸ್ಟಮ್ ಅದರೊಳಗಿನ ಬೋರ್ಡಿನ ಮೇಲೆ ಓಡುವಂತೆ ಮಾಡಲು ರಿಝ್ವಾನಾ ನಾಲ್ಕು ತಿಂಗಳು ಕೂತಿದ್ದಳು. ಆದರೆ ಆ ಸಿಸ್ಟಮ್ ನೋಡಿಕೊಳ್ಳುವವರ ಕಟ್ಟಳೆ ಬಲು ಬಿಗಿ. ಬರೆದವರೇ ಪರೀಕ್ಷಿಸಿದರೆ ಸಾಲದು. ಇನ್ನೊಬ್ಬರು ತಮ್ಮ ಬೋರ್ಡಿನಲ್ಲಿ ಓಡಿಸಿ, ಅದು ಬೂಟ್ ಆಗುವಾಗ, ಅಂದರೆ ಚಾಲೂ ಆಗುವಾಗ, ಪರದೆಯ ಮೇಲೆ ಬರುವ ಸಾಲುಗಳನ್ನೆಲ್ಲ ಲಾಗ್ ಎಂದು ಕಳಿಸಬೇಕು. ಅದೇ ಪೆಟ್ಟಿಗೆಯಿದ್ದು, ಇಂಥ ಕೆಲಸ ಬಲ್ಲ ಇನ್ನೊಬ್ಬನೆಂದರೆ ವರ್ಕಾಡಿಯ ವಿಜೇತ್ ಮಾತ್ರ.

ಕೇಳಿದ ಮರುದಿನವೇ ಅವನ ಲಾಗ್, ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಬಂದುಬಿಟ್ಟಿತು. ಆ ಮೈಗಳ್ಳ ಇಷ್ಟು ಬೇಗ ಮುಗಿಸಿದ್ದೇ ಅವಳಿಗೆ ಮೊದಲ ಸಂಶಯ. ಸಾಲುಸಾಲಾಗಿ ಓದಿದಳು. ಪ್ರತಿ ಬೋರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ನಂಬರು ಇರುತ್ತದೆ. ರೇಷನ್ ಕಾರ್ಡಿನ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಇರುವಂತಿಲ್ಲ. ವಿಜೇತನ ಲಾಗಿನಲ್ಲಿ ಇದ್ದದ್ದು ರಿಝ್ವಾನಾಳ ಬೋರ್ಡಿನ ನಂಬರು, ಒಂದಕ್ಷರವೂ ಬಿಡದೆ.

ಅವಳ ಮೈ ಉರಿಯಿತು. ಮಾದರಿಗೆಂದು ತಾನು ಕಳಿಸಿದ್ದ ಲಾಗಿನ ದಿನಾಂಕ ಬದಲಿಸಿ ತನ್ನದೆಂದು ಹಾಕಿದ್ದಾನೆ, ಮತ್ತೇನು! ನಾಳೆ ಬೇರೆಯವರು ಹಿಡಿದರೆ ನಾಲ್ಕು ತಿಂಗಳ ಕೆಲಸದ ಜೊತೆ ಅವಳ ಹೆಸರೂ ಮಣ್ಣುಪಾಲು. ಸಿಟ್ಟಿನಲ್ಲಿ ಲಿಸ್ಟಿಗೆ ಬರೆದೇಬಿಟ್ಟಳು: ‘ವಿಜೇತ್ ಕಳಿಸಿದ ಲಾಗ್ ನಂಬಬೇಡಿ. ಅದು ನನ್ನದರ ನಕಲು.’ ಕಳಿಸಿದ ಮೇಲೆ ಸಾಕ್ಷಿ ಬೇಕಲ್ಲ ಎನಿಸಿತು. ಕಾಸರಗೋಡಿನಲ್ಲಿ ಬಸ್ಸು ಬದಲಿಸಿ, ಹೊಸಂಗಡಿಯಲ್ಲಿ ಜೀಪು ಹತ್ತಿ ವರ್ಕಾಡಿಗೆ ಹೋದಳು.

ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ವಿಜೇತನ ತಾಯಿ ಪುಷ್ಪಾವತಿ ಮಡಿಲಿನ ಮೊರವನ್ನು ಬದಿಗಿಟ್ಟರು.

“ಬಾ ಮಗಾ. ಇವನ ಹೆಸರು ಲೋಕಕ್ಕೆಲ್ಲ ಕಾಣುವ ಹಾಗೆ ಬಂದಿದೆಯಂತಲ್ಲ? ನಾನು ಬೀಡಿ ಕೊಡ್ಲಿಕ್ಕೆ ಹೋದಾಗ ಬ್ರಾಂಚಿನಲ್ಲಿ ಎಲ್ಲರಿಗೂ ಹೇಳಿದೆ.”

ರಿಝ್ವಾನಾ ಚಪ್ಪಲಿ ಕಳಚಿದಳು. ಹೆತ್ತ ತಾಯಿಗೂ ಸುಳ್ಳು ಹೇಳಿದ್ದಾನೆ, ಪಾಪಿ.

ಒಳಗೆ ವಿಜೇತ್ ಬೋರ್ಡಿಗೆ ವಯರು ಸಿಕ್ಕಿಸಿ ಕೂತಿದ್ದ. “ನಿನ್ನ ಮೇಲ್ ಓದಿದೆ. ಅಮ್ಮನಿಗೆ ಹೇಳ್ಲಿಲ್ಲ.”

“ನನ್ನೆದುರು ಬೂಟ್ ಮಾಡು, ನೋಡುವ.”

“ರೆಕಾರ್ಡ್ ಕಾಪಿ ಮಾಡಿದ್ದು ಹೌದು ಮಾರಾಯ್ತಿ. ಇದು ಮಾಡ್ಲಿಲ್ಲ.”

ಸ್ವಿಚ್ಚು ಹಾಕಿದ. ಸಾಲುಗಳು ಓಡಿದವು. ನಂಬರು ಬಂತು, ಅವಳದೇ. ಅವಳು ಬೋರ್ಡನ್ನು ಮಗುಚಿ ಅಡಿಯ ಸ್ಟಿಕ್ಕರ್ ನೋಡಿದಳು. ಅಲ್ಲಿ ಬೇರೆಯೇ ನಂಬರು. ಬೋರ್ಡು ಅವನದು, ಬೂಟ್ ಆದದ್ದು ತನ್ನ ಕಣ್ಣೆದುರಿಗೆ. ಹಾಗಾದರೆ ಈ ನಂಬರು ಎಲ್ಲಿಂದ ಬಂತು?

ಲ್ಯಾಪ್‌ಟಾಪ್ ತೆರೆದು ತನ್ನದೇ ಕೋಡಿನ ಫೈಲು ಹುಡುಕಿದಳು. ಎರಡನೇ ತಿಂಗಳಲ್ಲಿ, ಬೂಟ್ ಆದಾಗಲೆಲ್ಲ ನಂಬರು ಬದಲಾಗಿ ತಲೆ ತಿನ್ನುತ್ತಿದ್ದಾಗ, ಸದ್ಯಕ್ಕಿರಲಿ ಎಂದು ತನ್ನ ಬೋರ್ಡಿನ ನಂಬರನ್ನು ಕೈಯಾರೆ ಬರೆದಿಟ್ಟಿದ್ದಳು. ತೆಗೆಯಲು ಮರೆತಿದ್ದಳು. ಆ ಕೋಡನ್ನು ಹಾಕಿಕೊಂಡ ಪ್ರತಿ ಪೆಟ್ಟಿಗೆಯೂ ಅವಳ ನಂಬರನ್ನೇ ಹೇಳುತ್ತಿತ್ತು. ಈ ಸಲವೂ ವಿಜೇತನ ಬಳಿ ಸಿಕ್ಕಿದ್ದು ಅವಳ ತಪ್ಪೇ, ಆದರೆ ಅವನು ಕದ್ದದ್ದಲ್ಲ, ಅವಳೇ ಕೊಟ್ಟದ್ದು.

“ತಪ್ಪಾಯ್ತು ವಿಜೇತ್,” ಎಂದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಲ್ಲೇ ಕೂತು ಲಿಸ್ಟಿಗೆ ಬರೆದಳು: ‘ಲಾಗ್ ನಿಜ. ತಪ್ಪು ನನ್ನ ಕೋಡಿನಲ್ಲಿದೆ. ಅದು ಸಿಕ್ಕಿದ್ದು ವಿಜೇತ್ ಮಾಡಿದ ಪರೀಕ್ಷೆಯಿಂದ.’

“ಮೊದಲಿನ ಮೇಲ್ ಅಳಿಸ್ಲಿಕ್ಕೆ ಆಗ್ತದಾ?” ವಿಜೇತ್ ಕೇಳಿದ.

“ಇಲ್ಲ. ಅಲ್ಲಿಗೆ ಹೋದದ್ದು ಅಲ್ಲೇ ಇರ್ತದೆ.”

ಅವನು ವಯರು ಸುತ್ತತೊಡಗಿದ. ಪುಷ್ಪಾವತಿ ಚಾ ತಂದಿಟ್ಟು ಪರದೆಯತ್ತ ಬಗ್ಗಿದರು. “ಇದೇ ಅದಾ? ಇವನ ಹೆಸರು ಉಂಟಾ ಇದರಲ್ಲಿ?”

“ಉಂಟು ಪುಷ್ಪಕ್ಕ,” ಎಂದಳು ರಿಝ್ವಾನಾ, ಅವರ ಮುಖ ನೋಡದೆ. “ಈಗ ಮೂರು ಕಡೆ ಉಂಟು.”

“ಮೂರು ಕಡೆಯಾ!” ಪುಷ್ಪಾವತಿ ಮಗನ ತಲೆ ಸವರಿದರು. “ನಾಳೆ ಬ್ರಾಂಚಿನಲ್ಲಿ ಹೇಳ್ಬೇಕು.”